ಮೊದಲು ಕಾಲು, ಆಮೇಲೆ ಮನುಷ್ಯ

ಲೆಮ್ಮಾ ಸಂಜೆ ಮನೆಗೆ ಬರುವುದನ್ನು ನೋಡಿದ ಯಾರಿಗಾದರೂ, ಇವನೇನು ಸ್ವಂತ ಮನೆಗೇ ಕನ್ನ ಹಾಕುತ್ತಿದ್ದಾನೋ ಎನ್ನಿಸಬೇಕು. ಬಾಗಿಲನ್ನು ಒಂದೇ ಒಂದು ಗೇಣು ಸರಿಸುತ್ತಿದ್ದ. ಆ ಸಂದಿಗೆ ಎಡಗಾಲಿನ ಬೂಟನ್ನು ಅಡ್ಡ ಇಡುತ್ತಿದ್ದ. ಒಳಗಿನಿಂದ ಒಂದು ಮೂಗು ಬಂದು ಬೂಟಿಗೆ ತಾಗಿತೆಂದು ಗೊತ್ತಾದ ಮೇಲೆಯೇ ಮೈ ಓರೆ ಮಾಡಿ ನುಸುಳಿ, ಬೆನ್ನಿನಿಂದ ಬಾಗಿಲು ಒತ್ತಿ ಮುಚ್ಚುತ್ತಿದ್ದ. "ಮೊದಲು ಕಾಲು, ಆಮೇಲೆ ಮನುಷ್ಯ," ಎಂದು ತಂಗಿ ಅಸ್ಕಾಲೆಗೆ ದಿನಾ ಹೇಳುತ್ತಿದ್ದ, ದೊಡ್ಡ ವೇದಾಂತ ಹೇಳಿದವನ ಹಾಗೆ.

ಇಷ್ಟೆಲ್ಲ ಕಸರತ್ತು ಯಾರಿಗಾಗಿ? ಬುಚಿಗಾಗಿ. ಬುಚಿ ಅಂದರೆ ಒಂದು ಮೊರದಲ್ಲಿ ಹಿಡಿಸುವಷ್ಟು ನಾಯಿ. ಕಂದು ಮೈ, ಒಂದು ಕಿವಿ ಎದ್ದದ್ದು, ಇನ್ನೊಂದು ಬಿದ್ದದ್ದು. ಆರು ವರ್ಷದ ಹಿಂದೆ ಲೆಮ್ಮಾ ಅದನ್ನು ಬಸ್ ಸ್ಟಾಪಿನ ಬೆಂಚಿನಡಿಯಿಂದ ಎತ್ತಿ ಕೋಟಿನೊಳಗೆ ಹಾಕಿಕೊಂಡು ತಂದಿದ್ದ. ಅವತ್ತಿನಿಂದ ಅದಕ್ಕೆ ಬಾಗಿಲು ತೆರೆದದ್ದು ಕಂಡರೆ ಸಾಕು, ಬಾಣ ಬಿಟ್ಟ ಹಾಗೆ ಓಡಿ ಅದೇ ಬೆಂಚಿನಡಿಗೆ ಹೋಗಿ ಕೂರುವುದು. ಬಸ್ ಸ್ಟಾಪು ಇರುವುದು ದೊಡ್ಡ ರಸ್ತೆಯ ಆಚೆ. ನಮ್ಮ ಶಿರೊ ಮೆದಾ ಕೇರಿಯ ಇಳಿಜಾರಿನಲ್ಲಿ ವ್ಯಾನುಗಳು ಬ್ರೇಕನ್ನು ಮರೆತೇ ಬಂದ ಹಾಗೆ ಬರುತ್ತವೆ. ಎರಡನೆಯ ಸಲ ಓಡಿದಾಗ ಹಿಂಗಾಲು ಮುರಿಯಿತು, ಈಗಲೂ ಕುಂಟುತ್ತದೆ. ಕುಂಟಿದರೇನು, ಓಟಕ್ಕೆ ಕಡಿಮೆಯಿಲ್ಲ. ಮನೆಗೆ ಅಂಗಳವೂ ಇಲ್ಲ, ಬೇಲಿಯೂ ಇಲ್ಲ. ಹೊಸ್ತಿಲ ಕಲ್ಲು ದಾಟಿದರೆ ಓಣಿ, ಓಣಿ ದಾಟಿದರೆ ರಸ್ತೆ. ನಡುವೆ ಇದ್ದದ್ದು ಲೆಮ್ಮಾನ ಎಡಗಾಲಿನ ಬೂಟು ಒಂದೇ.

ಆ ಬೂಟಿನ ಮನುಷ್ಯ ಒಂದು ಗುರುವಾರ ಮೆರ್ಕಾಟೊ ಸಂತೆಯಲ್ಲಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು, ಮತ್ತೆ ಎತ್ತಲೇ ಇಲ್ಲ. ಅರವತ್ತೆರಡು ವಯಸ್ಸು. ಅರ್ಧ ಹೊಲಿದ ಖಾಕಿ ಪ್ಯಾಂಟು ಸೂಜಿಯಡಿಯಲ್ಲೇ ಇತ್ತಂತೆ. ಮರುದಿನ ಬೆಳಗ್ಗೆ, ಸಾವಿನ ಮನೆಗೆ ನೆರವಾಗುವ ಇದ್ದಿರ್ ಸಂಘದವನು ತುತ್ತೂರಿ ಊದಿಕೊಂಡು ಓಣಿ ಓಣಿ ಸಾರಿದ. ಮಧ್ಯಾಹ್ನದೊಳಗೆ ಮಣ್ಣಾಯಿತು. ಸಂಘದ ಗಂಡಸರು ಓಣಿಗೆ ಅಡ್ಡಲಾಗಿ ಡೇರೆ ಕಟ್ಟಿ ಬೆಂಚು ಹಾಕಿದರು. ಹೆಂಗಸರು ಇಂಜೆರಾ ರೊಟ್ಟಿಯ ಬುಟ್ಟಿ ಹೊತ್ತು ತಂದರು. ಅಸ್ಕಾಲೆಯನ್ನು ಒಳಕೋಣೆಯ ನೆಲದ ಮೇಲೆ ಹಾಸಿಗೆ ಹಾಕಿ ಕೂರಿಸಿ, ಸಾವಿನ ಗುರುತಾಗಿ ನೆತೆಲಾ ಶಾಲಿನ ಅಂಚನ್ನು ಮೇಲುಕೆಳಗು ಮಾಡಿ ಕುತ್ತಿಗೆಗೆ ಸುತ್ತಿದರು. ಆಮೇಲೆ ಎದುರು ಮನೆಯ ಮುದುಕಿ ಎಮಾಮ ಬಿರ್ಕೆ ಬಾಗಿಲನ್ನು ಗೋಡೆಯವರೆಗೆ ದಬ್ಬಿ, ಅದರಡಿಗೆ ಒಂದು ಕಲ್ಲು ತುರುಕಿದಳು.

"ಎಮಾಮ, ಬಾಗಿಲು ಒಂಚೂರು ಮುಂದೆ ಮಾಡ್ಲಾ?" ಎಂದಳು ಅಸ್ಕಾಲೆ. "ಬುಚಿ ಓಡಿಹೋಗ್ತಾನೆ."

"ಬಾಯಿ ಮುಚ್ಚೇ! ಸಾವಿನ ಮನೆ ಬಾಗಿಲು ಮೂರು ದಿನ ಮುಚ್ಚೋ ಹಂಗಿಲ್ಲ ಅಂತ ನಿಂಗೆ ನಾನು ಹೇಳ್ಕೊಡ್ಬೇಕಾ? ಮುಚ್ಚಿದ ಬಾಗಿಲು ಕಂಡ್ರೆ, 'ನಮಗೆ ಯಾರೂ ಬೇಡ' ಅಂದ್ರು ಅಂತ ಜನ ಹಂಗೇ ಹೋಗ್ತಾರೆ. ಇಲ್ಲಿ ಯಾರಾದ್ರೂ ಬಾಗಿಲು ತಟ್ಕೊಂಡು ಬರ್ತಾರಾ?"

ಅದು ಸರಿಯೇ. ಓಣಿಯ ತುದಿಯಿಂದಲೇ ಎದೆ ಬಡಿದುಕೊಂಡು ಅಳುತ್ತಾ ನೇರ ಒಳಗೆ ಬರುವುದು ಪದ್ಧತಿ. ಸಾವಿನ ಮನೆಯ ಬಾಗಿಲು ತಟ್ಟುವುದೆಂದರೆ ಸತ್ತವನನ್ನೇ ಹಂಗಿಸಿದ ಹಾಗೆ.

ಹಾಗಂತ ನಾಯಿಯನ್ನು ಕಟ್ಟಿಹಾಕೋಣವೆಂದರೆ, ಅದು ಕತ್ತು ಚಾಚಿ ಊಳಿಡಲು ಶುರುಮಾಡಿತು. ಹೆಂಗಸರೆಲ್ಲ ಶಿಲುಬೆ ಗುರುತು ಮಾಡಿಕೊಂಡರು. "ಬಿಚ್ಚೇ, ಬಿಚ್ಚು! ಇನ್ನೊಬ್ಬರನ್ನ ಕರೀತಿದೆ ಅದು!" ಅಕ್ಕಪಕ್ಕದ ಮನೆಯಲ್ಲಿ ಇಡೋಣವೆಂದರೆ, ಉಪವಾಸ ಪೂಜೆ ಇರುವ ಮನೆಯೊಳಗೆ ನಾಯಿ ಸೇರಿಸುವವರು ಯಾರು? ಅತ್ತ ದರಿ, ಇತ್ತ ಪುಲಿ. ಕಡೆಗೆ ಅಸ್ಕಾಲೆ ಅದನ್ನು ನೆತೆಲಾದೊಳಗೆ, ಹೊಟ್ಟೆಗೆ ಒತ್ತಿಕೊಂಡು ಕೂತಳು. ಬಂದವರು "ದೇವರು ನಿನಗೆ ಗಟ್ಟಿತನ ಕೊಡಲಿ" ಅನ್ನುವಾಗ, ಶಾಲಿನೊಳಗಿಂದ ಎದ್ದ ಕಿವಿಯೊಂದು ಹೊರಗೆ ಬಂದು ಅವರನ್ನು ಆಲಿಸುತ್ತಿತ್ತು.

ಎರಡು ಹಗಲು, ಎರಡು ರಾತ್ರಿ ಹಾಗೇ ಕಳೆಯಿತು. ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಕೈ ಸಡಿಲ, ಕೈ ಸಡಿಲವಾದರೆ ಬುಚಿ ಇಲ್ಲ. ನಾಯಿ ಹೋದರೆ ಆ ಮನೆಯಲ್ಲಿ ಅಸ್ಕಾಲೆಯ ಹೆಸರು ಹಿಡಿದು ಕರೆಯುವುದಿರಲಿ, ಅವಳು ಎದ್ದರೆ ತಲೆಯೆತ್ತಿ ನೋಡುವ ಜೀವವೂ ಇರಲಿಲ್ಲ. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಐವತ್ತೆಂಟು ವಯಸ್ಸಿನವರೆಗೂ ಅಣ್ಣನಿಗೆ ಶಿರೊ ಸಾರು ಮಾಡಿಕೊಂಡೇ ಬಂದವಳು.

ಇಲ್ಲ, ಇನ್ನೊಂದು ಜೀವ ಇತ್ತು. ತಂಗಿ ಶಿತಾಯೆ. ದೆಬ್ರೆ ಬಿರ್ಹಾನಿನಲ್ಲಿ, ಜವೆಗೋಧಿ ಬೆಳೆಯುವ ಚಳಿಯ ಸೀಮೆಯಲ್ಲಿ ಮದುವೆಯಾಗಿ ಇದ್ದಳು. ಹದಿನಾಲ್ಕು ವರ್ಷದಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಅಮ್ಮ ಸತ್ತಾಗ ಶಿತಾಯೆಗೆ ಸುದ್ದಿ ತಡವಾಗಿ ಮುಟ್ಟಿ, ಮೂರನೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಅಳುತ್ತಾ ಬಂದಳು. ಅಸ್ಕಾಲೆ ಎದ್ದು ಹೋಗಿ ಬಾಗಿಲಲ್ಲೇ ಅಡ್ಡ ನಿಂತು, ಇಡೀ ಡೇರೆಗೆ ಕೇಳುವ ಹಾಗೆ ಅಂದುಬಿಟ್ಟಳು: "ಅಳೋಕೆ ಬಂದ್ಯಾ, ಉಣ್ಣೋಕೆ ಬಂದ್ಯಾ?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶಿತಾಯೆ ಹೊಸ್ತಿಲು ತುಳಿಯದೆ ಹಾಗೇ ತಿರುಗಿದಳು. ಅಸ್ಕಾಲೆ ಆ ಮಾತನ್ನು ನೆನೆಸಿಕೊಂಡು ಎಷ್ಟು ರಾತ್ರಿ ನಾಲಿಗೆ ಕಚ್ಚಿಕೊಂಡಳೋ, ಅದು ಅವಳಿಗೇ ಗೊತ್ತು. ಲೆಮ್ಮಾ ಮಾತ್ರ ಇಬ್ಬರ ನಡುವೆ ಹೋಗಿ ಬರುತ್ತಿದ್ದ.

ಈ ಸಲ ಅಸ್ಕಾಲೆ ತಡ ಮಾಡಲಿಲ್ಲ. ದೆಬ್ರೆ ಬಿರ್ಹಾನಿಂದ ಧಾನ್ಯ ತರುವ ಲಾರಿಯವನ ಕೈಯಲ್ಲಿ ಅವತ್ತೇ ಸುದ್ದಿ ಕಳಿಸಿದಳು. ಎರಡನೆಯ ದಿನ ಸಂಜೆ ಅವನೇ ಉತ್ತರ ತಂದ: "ಮೂರನೇ ದಿನ ನನ್ನ ಲಾರೀಲೇ ಬರ್ತಾರಂತೆ, ಅಕ್ಕಾ. ಬೆಳಗ್ಗೆ ಬಂದ್ಬಿಡ್ತೀವಿ. ಇನ್ನೊಂದು ಮಾತು ಹೇಳಿದ್ರು." ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "'ಈ ಸಲ ಬಾಗಿಲಲ್ಲಿ ನಿಲ್ಲಿಸ್ಬೇಡ ಅಂತ ಹೇಳು' ಅಂದ್ರು."

ಅಸ್ಕಾಲೆ ಅವನ ಮುಂದೆಯೇ ಅತ್ತಳು. ಮೊದಲ ಸಲ ಅಣ್ಣನಿಗಾಗಿ ಅಲ್ಲದೆ ಅತ್ತಳು.

ಮೂರನೆಯ ದಿನ ಬೆಳಗ್ಗೆಯಿಂದ ಅವಳ ಒಂದು ಕಣ್ಣು ಬಾಗಿಲ ಮೇಲೆ, ಒಂದು ಕಣ್ಣು ನಾಯಿಯ ಮೇಲೆ. ಚರ್ಚಿನ ಪಾದ್ರಿ ಅಬ್ಬಾ ಬಂದು ಹೊಸ್ತಿಲಲ್ಲೇ ನಿಂತು, ಶಿಲುಬೆ ಕೈಯಲ್ಲಿ ಹಿಡಿದು ಮುಖ ಸಿಂಡರಿಸಿದರು.

"ಈ ಪ್ರಾಣಿ ಒಳಗಿದ್ರೆ ನಾನು ಪ್ರಾರ್ಥನೆ ಹೇಳೋದು ಹೆಂಗಮ್ಮಾ?"

"ಕಣ್ಣು ಮುಚ್ಕೊಂಡು ಹೇಳಿ, ಅಬ್ಬಾ," ಎಂದಳು ಎಮಾಮ ಬಿರ್ಕೆ. "ಹೆಂಗೂ ಪ್ರತಿ ಸಲ ಮುಚ್ಕೊಂಡೇ ಹೇಳ್ತೀರಲ್ಲ." ಡೇರೆಯ ಗಂಡಸರು ನಗು ತಡೆಯಲು ಕೆಮ್ಮಿದರು. ಅಬ್ಬಾ ಹೊರಗೆ ನಿಂತೇ ಪ್ರಾರ್ಥನೆ ಮುಗಿಸಿದರು. ಬಾಯಿ ಜೋರಿದ್ದರೂ ಮುದುಕಿಯ ಮನಸ್ಸು ಬೆಣ್ಣೆ.

ಬೆಳಗ್ಗೆ ಹೋಯಿತು, ಶಿತಾಯೆ ಬರಲಿಲ್ಲ. ಬೇಯಿಸಿದ ಗೋಧಿ ಕಡಲೆ ಹಂಚಿ ಮುಗಿಯಿತು, ಬರಲಿಲ್ಲ. ಮಧ್ಯಾಹ್ನ ತಿರುಗುತ್ತಲೇ ಸಂಘದವರು ಡೇರೆ ಬಿಚ್ಚಿ, ಬೆಂಚು ಹೊತ್ತು, ಇನ್ನೊಂದು ಓಣಿಯ ಇನ್ನೊಂದು ಸಾವಿಗೆ ಹೋದರು. ಹೆಂಗಸರು ಬುಟ್ಟಿ ತೊಳೆದು ಒಬ್ಬೊಬ್ಬರಾಗಿ ಕೆನ್ನೆಗೆ ಕೆನ್ನೆ ಕೊಟ್ಟು ಹೊರಟರು. ಕೊನೆಗೆ ಎಮಾಮ ಬಿರ್ಕೆಯೂ ಮಂಡಿ ಹಿಡಿದುಕೊಂಡು ಎದ್ದಳು.

"ಸೂರ್ಯ ಮುಳುಗೋವರೆಗೂ ಮೂರನೇ ದಿನವೇ. ಬಾಗಿಲು ಹಂಗೇ ಇರ್ಲಿ. ನಾನು ಬೆನ್ನು ನೆಲಕ್ಕೆ ಹಾಕಿ ಬರ್ತೀನಿ."

ಮೂರು ದಿನ ನೂರು ಜನರ ಗದ್ದಲವಿದ್ದ ಕೋಣೆಯಲ್ಲಿ ಒಮ್ಮೆಲೇ ಬರೀ ಅಸ್ಕಾಲೆ, ಬುಚಿ. ಒಲೆಯ ಮೇಲೆ ಕಾಫಿಯ ಮಣ್ಣಿನ ಹೂಜಿ ತಣ್ಣಗಾಗುತ್ತಿತ್ತು. ಮೊಳೆಗೆ ಲೆಮ್ಮಾನ ಕೋಟು ನೇತಾಡುತ್ತಿತ್ತು. ಅವಳಿಗೆ ಆಗ, ಆ ಗಳಿಗೆಯಲ್ಲಿ, ಅಣ್ಣ ಸತ್ತಿದ್ದಾನೆಂದು ಗೊತ್ತಾಯಿತು. ಇಷ್ಟು ದಿನ ಬರೀ ಅತ್ತಿದ್ದಳು.

ಹೊತ್ತು ಇಳಿಯುತ್ತಿದ್ದ ಹಾಗೆ ಬುಚಿಗೆ ಹುಚ್ಚು ಕೆರಳಿತು. ಲೆಮ್ಮಾ ಬರುತ್ತಿದ್ದ ಸಂಜೆಯ ಬಸ್ಸಿನ ಹೊತ್ತು ಅದಕ್ಕೆ ಗಡಿಯಾರಕ್ಕಿಂತ ಚೆನ್ನಾಗಿ ಗೊತ್ತು. ಕಾಲಲ್ಲಿ ಒದೆಯಿತು, ಮಣಿಕಟ್ಟನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿ ಎಳೆಯಿತು. ಅಸ್ಕಾಲೆಯ ತೋಳಲ್ಲಿ ಶಕ್ತಿ ಉಳಿದಿರಲಿಲ್ಲ. ಒಂದು ಸಲ ಹಿಡಿತ ಜಾರಿ ಹೊಸ್ತಿಲವರೆಗೆ ಹೋಯಿತು. ಬಾಲ ಹಿಡಿದು ಎಳೆದು ತಂದಳು.

ಶಿತಾಯೆ ಬರುವವಳಾಗಿದ್ದರೆ ಬೆಳಗ್ಗೆಯೇ ಬರುತ್ತಿದ್ದಳು, ಎಂದುಕೊಂಡಳು. ಬಸ್ಸಿನ ಹೊತ್ತು ಕಳೆಯುವವರೆಗೆ ಅಷ್ಟೇ. ಒಂದು ಹತ್ತು ನಿಮಿಷ. ಬಾಗಿಲಡಿಯ ಕಲ್ಲನ್ನು ಕಾಲಿನಿಂದ ಸರಿಸಿದಳು. ಬಾಗಿಲು ಮುಚ್ಚಿ ಅಗಳಿ ಹಾಕಿದಳು. ನಾಯಿಯನ್ನು ಕೆಳಗೆ ಬಿಟ್ಟು, ಮೂರು ದಿನದ ಮೇಲೆ ಮೊದಲ ಬಾರಿಗೆ ಎರಡೂ ಕೈ ಚಾಚಿ ಹಾಸಿಗೆಯ ಮೇಲೆ ಮಲಗಿದಳು.

ಬುಚಿ ಬಾಗಿಲ ಬುಡಕ್ಕೆ ಹೋಗಿ ಮೂಗು ಒತ್ತಿ ಕುಂಯ್‌ಗುಟ್ಟಿತು. ಕೆರೆಯಿತು. ಬಾಲ ಆಡಿಸಿತು. ಅವಳು ಅರೆಗಣ್ಣಲ್ಲಿ ನೋಡಿದಳು. "ಸುಮ್ನಿರೋ ಮಗನೇ. ಅವನು ಬರಲ್ಲ ಕಣೋ," ಎಂದು ಗೊಣಗಿದಳು. ಅಷ್ಟು ಹೇಳುವಷ್ಟರಲ್ಲಿ ನಿದ್ದೆ ಅವಳನ್ನು ಎತ್ತಿಕೊಂಡು ಹೋಯಿತು.

ಎಚ್ಚರವಾದಾಗ ಗೋಡೆಯ ಮೇಲಿನ ಬಿಸಿಲು ಕೆಂಪಾಗಿತ್ತು. ಅಯ್ಯೋ ದೇವರೇ ಎಂದು ಎದ್ದು ಓಡಿದಳು. ಅಗಳಿ ತೆಗೆದು, ಅಣ್ಣನ ಹಾಗೆಯೇ ಒಂದು ಗೇಣು ಸರಿಸಿ, ಕಾಲು ಅಡ್ಡ ಇಟ್ಟಳು. ಹೊಸ್ತಿಲ ಕಲ್ಲಿನ ಮೇಲೆ ಒಂದು ಬಟ್ಟೆಯ ಗಂಟು ಕೂತಿತ್ತು. ಅದರ ಮೂಲೆಯಿಂದ ನಾಲ್ಕು ಕಾಳು ಉದುರಿದ್ದವು: ಹುರಿದ ಜವೆಗೋಧಿ. ಸಿಪ್ಪೆ ಸುಲಿದು, ಅಮ್ಮ ಹುರಿಯುತ್ತಿದ್ದ ಹಾಗೆ ಕರಿ ಚುಕ್ಕೆ ಬರುವವರೆಗೆ ಹುರಿದದ್ದು. ಹಾಗೆ ಹುರಿಯಲು ಬರುತ್ತಿದ್ದದ್ದು ಈ ಲೋಕದಲ್ಲಿ ಇನ್ನೊಬ್ಬಳಿಗೆ ಮಾತ್ರ.

ಕಾಲು ಮರೆತುಹೋಯಿತು. ಎರಡೂ ಕೈ ಚಾಚಿ ಬಗ್ಗಿದಳು. ಅವಳ ಮೊಣಕೈಯಡಿಯಿಂದ ಕಂದು ಬಣ್ಣದ್ದೊಂದು ಸರ್ರನೆ ಹೋಯಿತು.

"ಬುಚೀ!"

ಸಾವಿನ ಮನೆಯವಳು ಮೂರನೆಯ ದಿನ ಬರಿಗಾಲಲ್ಲಿ, ಕೂದಲು ಕೆದರಿಕೊಂಡು, ಓಣಿಯುದ್ದ ಓಡಿದ್ದನ್ನು ನಮ್ಮ ಶಿರೊ ಮೆದಾದಲ್ಲಿ ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ನೀಲಗಿರಿ ಸೌದೆ ಹೊತ್ತ ಕತ್ತೆಗಳ ಸಾಲನ್ನು ಸೀಳಿಕೊಂಡು ಹೋದಳು. ಕತ್ತೆಯವನು, "ಅಮ್ಮಾ, ತಲೆ ಕೆಟ್ಟಿದ್ಯಾ?" ಎಂದು ಕೂಗಿದ. ರಸ್ತೆಯ ಅಂಚಿಗೆ ಬಂದಾಗ ಒಂದು ವ್ಯಾನು ಕಿರ್‌ರ್ ಎಂದು ಬ್ರೇಕು ಹಾಕಿದ ಸದ್ದು ಕೇಳಿತು. ನೋಡಲಾರದೆ ಕಣ್ಣು ಮುಚ್ಚಿದಳು. ಮತ್ತೆ ತೆರೆದಳು. ರಸ್ತೆ ಖಾಲಿ.

ಆಚೆ, ಬಸ್ ಸ್ಟಾಪಿನ ಬೆಂಚಿನ ಮೇಲೆ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಕೂತಿದ್ದಳು. ಬುಚಿ ಬೆಂಚಿನಡಿಯಲ್ಲಿರಲಿಲ್ಲ. ಅವಳ ತೊಡೆಯ ಮೇಲಿತ್ತು.

"ನಿಮ್ಮದೇನಮ್ಮಾ ಇದು?" ಹೆಂಗಸು ನಾಯಿಯ ಕಿವಿ ಸವರುತ್ತಾ, ತಲೆಯೆತ್ತದೆ ಕೇಳಿದಳು. "ಗಟ್ಟಿಯಾಗಿ ಹಿಡ್ಕೊಳ್ಳೋದಲ್ವಾ? ಚಕ್ರದಡಿ ಹೋಗ್ತಿತ್ತು." ಆಮೇಲೆ ಎದುರಿಗಿದ್ದ ಬರಿಗಾಲನ್ನು ನೋಡಿದಳು. ಆ ಕಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿತ್ತು, ಅಮ್ಮನಿಗಿದ್ದ ಹಾಗೆ, ತನಗೂ ಇದ್ದ ಹಾಗೆ. ನಿಧಾನವಾಗಿ ತಲೆಯೆತ್ತಿದಳು. ಕೂದಲು ಬೆಳ್ಳಗಾಗಿತ್ತು. ಮುಖ ಮಾತ್ರ ಶಿತಾಯೆಯದು.

"ಬಾಗಿಲು ಹಾಕಿತ್ತು," ಎಂದಳು ಶಿತಾಯೆ.

"ನಾಯಿಗೆ ಹಾಕಿದ್ದೆ ಕಣೇ."

"ನಾಯಿಗೆ?"

"ಮೂರು ದಿನ ತೆಗೆದೇ ಇತ್ತು. ಬೇಕಾದ್ರೆ ಓಣಿಯವರನ್ನ ಕೇಳು. ನೀನು ಬೆಳಗ್ಗೆ ಬರ್ತೀಯ ಅಂತ... ಇದು ಓಡಿಹೋಗುತ್ತೆ, ನಂಗೆ ಕೈಲಿ ಶಕ್ತಿ ಇರ್ಲಿಲ್ಲ. ಹತ್ತು ನಿಮಿಷ ಅಂತ ಹಾಕಿದೆ. ನಿದ್ದೆ ಬಂದ್ಬಿಡ್ತು."

"ಲಾರಿ ದಾರೀಲಿ, ಸೆಂದಾಫಾದಲ್ಲಿ ಕೆಟ್ಟು ನಿಂತಿತ್ತು." ಶಿತಾಯೆ ಮುಖ ಒರೆಸಿಕೊಂಡಳು. "ಓಣಿ ತುದಿಯಿಂದ ಅಳೋಕೆ ಬಾಯಿ ತೆಗೆದೆ. ನೋಡಿದ್ರೆ ಡೇರೆ ಇಲ್ಲ, ಜನ ಇಲ್ಲ, ಬಾಗಿಲು ಮುಚ್ಚಿದೆ. ಬಾಯಿ ಹಂಗೇ ಮುಚ್ಕೊಂಡೆ. ಇನ್ನೂ ನಂಗೆ ಜಾಗ ಇಲ್ಲ ಅಂದ್ಕೊಂಡೆ."

"ತಟ್ಟಬಾರ್ದಿತ್ತೇನೇ?"

"ಅಣ್ಣ ಸತ್ತ ಮನೆ ಬಾಗಿಲು ತಟ್ಲಾ? ನಾನೇನು ಸಾಲ ಕೇಳೋಕೆ ಬಂದವಳಾ?" ಹಳೆಯ ಸಿಟ್ಟು ಒಂದು ಸಲ ತಲೆಯೆತ್ತಿ ಅಲ್ಲೇ ಇಳಿಯಿತು. "ಕಲ್ಲಿನ ಮೇಲೆ ಕೂತೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಒಂದು ಗಂಟೆ ಕೂತಿದ್ದೆ, ಅಸ್ಕು."

ಅಸ್ಕು. ಹದಿನಾಲ್ಕು ವರ್ಷವಾಗಿತ್ತು ಆ ಹೆಸರು ಕೇಳಿ.

"ಒಳಗಿಂದ ಒಂದು ಮೂಗು ಬಾಗಿಲಡಿ ಉಸಿರಾಡ್ತಿತ್ತು," ಎಂದಳು ಶಿತಾಯೆ. "ಬೆರಳು ಇಟ್ರೆ ನೆಕ್ಕಿತು. ಆ ಮನೇಲಿ ನನ್ನ ಬಾ ಅಂತ ಕರೆದಿದ್ದು ಇದೊಂದೇ. ಈಗ ಹಿಂದೆ ಬಂದಿದೆ ನೋಡು, ಕುಂಟಿಕೊಂಡು."

ಅಸ್ಕಾಲೆಗೆ ಬೆಂಚಿನ ಮೇಲೆ ಕುಸಿಯದೆ ಬೇರೆ ದಾರಿಯಿರಲಿಲ್ಲ. ಬುಚಿ ಬಾಲ ಆಡಿಸಿದ್ದು, ಕೆರೆದದ್ದು, ಕುಂಯ್‌ಗುಟ್ಟಿದ್ದು ಎಲ್ಲ ಕಣ್ಣ ಮುಂದೆ ಬಂತು. ನಾಯಿಗೆ ಗೊತ್ತಾಗಿತ್ತು. ತಾನು ಸುಮ್ನಿರೋ ಎಂದಿದ್ದಳು. ಎರಡು ಬೆರಳು ದಪ್ಪದ ಹಲಗೆಯ ಆಚೆ ತಂಗಿ, ಈಚೆ ತಾನು, ಒಂದು ಗಂಟೆ. ತಂಗಿಯ ಕತ್ತಿಗೆ ಮುಖ ಒತ್ತಿ ಅತ್ತಳು. ಶಿತಾಯೆಯೂ ಅತ್ತಳು. ಇನ್ನೊಂದು ಬಸ್ಸು ಬಂದು ನಿಂತು, ಇಳಿಯುವವರು ಇಳಿದು, ಇಬ್ಬರು ಮುದುಕಿಯರು ನಾಯಿ ತಬ್ಬಿಕೊಂಡು ಅಳುವುದನ್ನು ನೋಡಿ ಹೋದರು.

"ನಡಿ ಮನೆಗೆ. ಕಾಫಿ ಹುರೀತೀನಿ," ಎಂದಳು ಅಸ್ಕಾಲೆ. "ಎರಡು ದಿನ ಇದ್ದು ಹೋಗು."

"ಎಲ್ಲಿ ಇರ್ಲಿ? ನಮ್ಮ ಮನೆಯವರು ಹಾಸಿಗೆ ಹಿಡಿದು ಎಂಟು ತಿಂಗಳಾಯ್ತು. ಮಗ್ಗುಲು ಬದಲಾಯಿಸೋಕೂ ನಾನೇ ಬೇಕು. ಪಕ್ಕದ ಮನೆಯವಳಿಗೆ ಇವತ್ತೊಂದು ದಿನ ಅಂತ ಹೇಳಿ ಬಂದಿದ್ದೀನಿ." ಅವಳು ಇಳಿಜಾರಿನ ಕಡೆ ನೋಡಿದಳು. "ಲಾರಿ ಮೆರ್ಕಾಟೊದಿಂದ ಕತ್ತಲಿಗೆ ಮುಂಚೆ ಹೊರಡುತ್ತೆ. ನಂಗಿದ್ದಿದ್ದು ಆ ಒಂದು ಗಂಟೆಯೇ ಅಸ್ಕು. ಅದನ್ನ ಹೊರಗೆ ಕಳೆದ್ಬಿಟ್ಟೆ."

"ಅಣ್ಣನ ನಲವತ್ತನೇ ದಿನಕ್ಕೆ ಬಾ."

ಶಿತಾಯೆ ನಾಯಿಯ ಬೆನ್ನು ಸವರಿದಳು. "ಜವೆಗೋಧಿ ತಿನ್ನು. ಹಲ್ಲಿವೆ ತಾನೇ ಇನ್ನೂ?" ಎಂದಳು. ಅಷ್ಟರಲ್ಲಿ ಮೆರ್ಕಾಟೊ ವ್ಯಾನು ಬಂತು. ಬುಚಿಯನ್ನು ಅಕ್ಕನ ಕೈಗೆ ಕೊಟ್ಟು, ಕಿಟಕಿ ಪಕ್ಕ ಕೂತು, ಗಾಜಿನ ಮೇಲೆ ಅಂಗೈ ಒತ್ತಿ ಇಟ್ಟಳು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೆ ಆ ಅಂಗೈ ಕಾಣುತ್ತಿತ್ತು.

ಅಸ್ಕಾಲೆ ಮನೆಗೆ ಬಂದಳು. ಬಾಗಿಲು ಹಾರುಹೊಡೆದಂತೆ ತೆರೆದೇ ಇತ್ತು. ಈಗ ಒಳಗೆ ಬರುವವರೂ ಇಲ್ಲ, ಕದಿಯುವವರೂ ಇಲ್ಲ. ನಾಯಿಯನ್ನು ಒಳಗೆ ಬಿಟ್ಟು ತಾನು ಒಳಗೆ ಹೋಗಲಿಲ್ಲ. ಹೊರಗಿನಿಂದಲೇ ಬಾಗಿಲು ಎಳೆದು ಮುಚ್ಚಿ, ಹೊಸ್ತಿಲ ಕಲ್ಲಿನ ಮೇಲೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟಳು. ಎಂತೊತೊ ಬೆಟ್ಟದಿಂದ ಚಳಿ ಇಳಿಯುತ್ತಿತ್ತು. ಗಂಟು ಬಿಚ್ಚಿ ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡಳು.

ಎಮಾಮ ಬಿರ್ಕೆ ನಿದ್ದೆ ಮುಗಿಸಿ ಎದುರು ಬಾಗಿಲಲ್ಲಿ ಕಾಣಿಸಿಕೊಂಡಳು. "ಇದೇನೇ ಇದು, ನಿನ್ನ ಮನೆ ಹೊರಗೆ ನೀನೇ ಭಿಕ್ಷೆಯವಳ ಹಂಗೆ ಕೂತಿದ್ದೀಯ? ನಾಯಿ ನಿನ್ನ ಹೊರಗೆ ಹಾಕ್ತಾ?"

"ಇಲ್ಲ ಎಮಾಮ. ನೀವು ಹೋಗಿ. ಒಂದು ಗಂಟೆ ಕೂತಿರ್ತೀನಿ."

ಮುದುಕಿ ಅಸ್ಕಾಲೆಯ ಮುಖ ನೋಡಿ, ಯಾವತ್ತೂ ಇಲ್ಲದೆ ಅವತ್ತು ಸುಮ್ಮನೆ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಬಾಗಿಲ ಆಚೆ ಉಗುರಿನ ಸದ್ದಾಯಿತು. ಆಮೇಲೆ ಬಾಗಿಲಡಿಯ ಸಂದಿಯಲ್ಲಿ ಒಂದು ಮೂಗು ಬಂದು ಉಸಿರಾಡಿತು. ಅಸ್ಕಾಲೆ ಬೆರಳು ಇಟ್ಟಳು. ನೆಕ್ಕಿತು.

ತಂಗಿ ಹೇಳಿದ್ದು ನಿಜ, ಒಳಗಿನ ಉಸಿರು ಇಷ್ಟು ಹತ್ತಿರ ಕೇಳುತ್ತಿತ್ತು.